ಕರಗಿದ ಡಾಲರ್, ಟಂಕಿಸಿದ ರೂಪಾಯಿ: 1918ರ ಬೆಳ್ಳಿಯ ಲೆಕ್ಕದ ಮರುಪರಿಶೀಲನೆ

ಅಮೆರಿಕದ ಹಳೆಯ ಬೆಳ್ಳಿ ನಾಣ್ಯಗಳಾದ ಮಾರ್ಗನ್ ಡಾಲರುಗಳ ಮಾತು ಬಂದಾಗಲೆಲ್ಲ ನಾಣ್ಯಸಂಗ್ರಾಹಕರು 27,02,32,722 ಎಂಬ ಸಂಖ್ಯೆಯನ್ನು ಮುಂದಿಡುತ್ತಾರೆ. 1918ರ ಏಪ್ರಿಲ್ 23ರ ಪಿಟ್‌ಮನ್ ಕಾಯ್ದೆಯಡಿ ಕರಗಿಸಿದ ಬೆಳ್ಳಿ ಡಾಲರುಗಳ ಮೊತ್ತವಿದು. ಅಷ್ಟೂ ಭಾರತಕ್ಕೆ ಬಂದು ರೂಪಾಯಿಯಾಯಿತೆಂದು ಹಿಂದಿನವರು ಬರೆದರು, ನಂತರದವರು ನಕಲು ಮಾಡಿದರು. ಇದರಿಂದ ಎರಡು ನಂಬಿಕೆಗಳು ಬೇರೂರಿವೆ. 1918ರ ರೂಪಾಯಿ ‘ಅಮೆರಿಕನ್ ಬೆಳ್ಳಿ’ಯದು ಎಂಬುದು ಒಂದು, ಇಂದು ಕಣ್ಣಿಗೆ ಬೀಳದ ಡಾಲರೆಲ್ಲ ಭಾರತಕ್ಕಾಗಿ ಕರಗಿತು ಎಂಬುದು ಇನ್ನೊಂದು. ಮೊದಲನೆಯದರಿಂದ ನಮ್ಮ ಕಡೆಯ ಕೊಳ್ಳುವವನಿಗೆ ನಷ್ಟ, ಎರಡನೆಯದರಿಂದ ಇತಿಹಾಸಕ್ಕೆ.

ಮೊದಲು ಮೊತ್ತವನ್ನೇ ನೋಡೋಣ. ಕರಗಿಸಿದ ಡಾಲರುಗಳಲ್ಲಿ 1,11,11,168ರ ಬೆಳ್ಳಿ ಅಮೆರಿಕದ ಚಿಲ್ಲರೆ ನಾಣ್ಯಗಳಿಗೇ ಹೋಯಿತು. ಬ್ರಿಟನ್ನಿನ ಮೂಲಕ ಭಾರತಕ್ಕೆ ಸಂದದ್ದು 25,91,21,554 ಡಾಲರುಗಳ ಬೆಳ್ಳಿ. ಒಂದು ಡಾಲರಿನಲ್ಲಿ ಅಚ್ಚ ಬೆಳ್ಳಿ 371.25 ಗ್ರೇನು, ನಮ್ಮ ರೂಪಾಯಿಯಲ್ಲಿ 165 ಗ್ರೇನು. ಒಂದು ಡಾಲರಿನ ಬೆಳ್ಳಿಯಿಂದ ಸರಿಯಾಗಿ ಎರಡೂಕಾಲು ರೂಪಾಯಿ. ಹಾಗಾದರೆ ಬಂದ ಬೆಳ್ಳಿ ಹೆಚ್ಚೆಂದರೆ 58.3 ಕೋಟಿ ರೂಪಾಯಿಗೆ ಸಾಕು. ಪೂರ್ತಿ ಮೊತ್ತವನ್ನು ಗುಣಿಸಿದವರಿಗೆ 60.8 ಕೋಟಿ ಬರುತ್ತದೆ. ಎರಡೂವರೆ ಕೋಟಿ ರೂಪಾಯಿಯ ಈ ಅಂತರವನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. (ಮೂಲ ಅಂಕಿಅಂಶ ತೆರೆದು ನೋಡಿದ್ದರೆ ಈ ತಪ್ಪು ಒಂದು ತಲೆಮಾರಿಗೇ ನಿಲ್ಲುತ್ತಿತ್ತು.)

ಭಾರತದ ಕಡೆಯ ಸಾಕ್ಷ್ಯ ಈ ಲೆಕ್ಕವನ್ನು ಎತ್ತಿಹಿಡಿಯುತ್ತದೆ. ಭಾರತದ ಹಣದ ವ್ಯವಸ್ಥೆಯನ್ನು ಪರಿಶೀಲಿಸಲು 1919ರಲ್ಲಿ ನೇಮಕಗೊಂಡ ಬ್ಯಾಬಿಂಗ್ಟನ್ ಸ್ಮಿತ್ ಸಮಿತಿಯ ವರದಿ ಅಮೆರಿಕದಿಂದ ಕೊಂಡ ಬೆಳ್ಳಿಯನ್ನು 20 ಕೋಟಿ ಔನ್ಸ್ ಎನ್ನುತ್ತದೆ. 25.9 ಕೋಟಿ ಡಾಲರುಗಳ ಅಚ್ಚ ಬೆಳ್ಳಿಯೂ 20 ಕೋಟಿ ಔನ್ಸಿಗೆ ತುಸು ಮೇಲೆ ನಿಲ್ಲುತ್ತದೆ. ಎರಡು ದೇಶಗಳ ದಾಖಲೆ ಹೀಗೆ ತಾಳೆಯಾಗುವಾಗ ಅದನ್ನು ಬಿಟ್ಟು ಹರಾಜು ಪಟ್ಟಿಗಳ ಟಿಪ್ಪಣಿಯನ್ನು ಆಧಾರವೆನ್ನುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ‘ಅಮೆರಿಕನ್ ಬೆಳ್ಳಿ ರೂಪಾಯಿ’. ಡಾಲರುಗಳು ಕರಗಿದ್ದು ಅಮೆರಿಕದಲ್ಲೇ. ನಮ್ಮ ಟಂಕಸಾಲೆಗಳು ಕಂಡದ್ದು ಬೆಳ್ಳಿಯ ಗಟ್ಟಿಗಳನ್ನು. ಕಲ್ಕತ್ತ, ಮುಂಬಯಿ ಟಂಕಸಾಲೆಗಳು ಎರಡೂ ಸೇರಿ 1918ರಲ್ಲೂ 1919ರಲ್ಲೂ ತಲಾ 40 ಕೋಟಿಗೂ ಹೆಚ್ಚು ರೂಪಾಯಿ ಅಚ್ಚು ಹಾಕಿದವು. ಅಮೆರಿಕದ ಬೆಳ್ಳಿಯಷ್ಟೂ ಈ ಎರಡು ವರ್ಷಗಳಿಗೇ ಸಂದಿತೆಂದು ಹಿಡಿದರೂ ಆ 80 ಕೋಟಿಗೆ ಅದು ಸಾಲದು. ಕಾಯ್ದೆ ಏಪ್ರಿಲ್ ಕೊನೆಗೆ ಬಂದದ್ದರಿಂದ ಆ ವರ್ಷದ ಮೊದಲ ತಿಂಗಳುಗಳ ರೂಪಾಯಿಯಲ್ಲಿ ಅದರ ಬೆಳ್ಳಿ ಇರಲು ಸಾಧ್ಯವೇ ಇಲ್ಲ. ಕೆಳಗಿನ ಹೂವಿನಡಿಯ ಉಬ್ಬುಚುಕ್ಕೆಯಿಂದ ಮುಂಬಯಿಯ ನಾಣ್ಯವನ್ನು ಗುರುತಿಸಬಹುದು; ಬೆಳ್ಳಿ ಯಾವ ದೇಶದ್ದೆಂದು ಯಾವ ಚುಕ್ಕೆಯೂ ಹೇಳದು.

ದುರ್ಲಭತೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಕರಗಿಸುವಾಗ ಅಧಿಕಾರಿಗಳು ಎಣಿಕೆಯನ್ನಷ್ಟೇ ಇಟ್ಟರು. ಯಾವ ವರ್ಷದ, ಯಾವ ಟಂಕಸಾಲೆಯ ಡಾಲರು ಎಷ್ಟು ಕರಗಿತೆಂದು ಬರೆದಿಡಲಿಲ್ಲ. 1895ರಲ್ಲಿ ಫಿಲಡೆಲ್ಫಿಯಾದ ಲೆಕ್ಕದಲ್ಲಿರುವ 12,000 ಚಲಾವಣೆ ಡಾಲರುಗಳಲ್ಲಿ ಒಂದೂ ಉಳಿದಿಲ್ಲ. ಸಂಗ್ರಾಹಕರ ಕೈಯಲ್ಲಿರುವುದು ಆ ವರ್ಷ ವಿಶೇಷವಾಗಿ ಅಚ್ಚಾದ 880 ಪ್ರೂಫ್ ನಾಣ್ಯಗಳಲ್ಲಿ ಉಳಿದವು ಮಾತ್ರ. ಆ 12,000 ಭಾರತಕ್ಕಾಗಿ ಕರಗಿದವೆಂಬುದು ಒಂದು ಊಹೆ. ಊಹೆಯಾಗಿ ಅದನ್ನು ಒಪ್ಪಬಹುದು, ಸಂಗತಿಯಾಗಿ ಅಲ್ಲ. 1903ರ ನ್ಯೂ ಆರ್ಲಿಯನ್ಸ್ ಡಾಲರಿನ ಬಗ್ಗೆಯೂ ಇದೇ ಮಾತಿತ್ತು. 44.5 ಲಕ್ಷ ಅಚ್ಚಾಗಿದ್ದರೂ ಕಾಣಸಿಗದ್ದರಿಂದ ಕರಗಿತೆಂದೇ ತಿಳಿದು ಜನ ದೊಡ್ಡ ಬೆಲೆ ತೆತ್ತರು. 1962ರ ಕೊನೆಗೆ ಅಮೆರಿಕದ ಖಜಾನೆಯಿಂದ ಅವು ಚೀಲಗಟ್ಟಲೆ ಹೊರಬಿದ್ದವು; ಬೆಲೆ ನೆಲಕಚ್ಚಿತು. ಈ ಒಂದು ನಿದರ್ಶನ ಸಾಕಿತ್ತು. ಆದರೂ ಹರಾಜು ಪಟ್ಟಿಗಳು ‘ಭಾರತಕ್ಕಾಗಿ ಕರಗಿದ್ದು’ ಎಂಬ ಸಾಲನ್ನು ಬಿಟ್ಟಿಲ್ಲ.

ಭಾರತ ಅಮೆರಿಕದ ಬೆಳ್ಳಿ ಕೊಳ್ಳುವಂತೆ ಮಾಡಿದ, ಮೊದಲ ಮಹಾಯುದ್ಧ ಕಾಲದ ಬೆಳ್ಳಿಯ ಬರಕ್ಕೆ ನಿಜವಾದ ಪ್ರತ್ಯಕ್ಷಸಾಕ್ಷಿ ಕಾಗದದ ಹಣ. 1917ರ ನವೆಂಬರ್ 30ರಂದು ಒಂದು ರೂಪಾಯಿ ನೋಟು ಬಂತು, ಅದರ ಬೆನ್ನಿಗೇ ಎರಡೂವರೆ ರೂಪಾಯಿಯದು. ಎರಡೂ ಪಿಟ್‌ಮನ್ ಕಾಯ್ದೆಗಿಂತ ಹಿಂದಿನವು. ಸೋಲಾಪುರ–ಅಕ್ಕಲಕೋಟ ರಸ್ತೆಯ ಕುಂಭಾರಿಯಂಥ ಊರಿನಿಂದ ನೋಡುವವರಿಗೆ ಇನ್ನೊಂದು ಸಾಕ್ಷ್ಯ ಹತ್ತಿರದಲ್ಲೇ ಇದೆ. ಇಲ್ಲಿಂದ ಪೂರ್ವಕ್ಕೆ ಹೊರಟರೆ ಆಗ ನಿಜಾಮನ ಸೀಮೆ, ಅಲ್ಲಿ ಅವನದೇ ರೂಪಾಯಿ. ಸಂಸ್ಥಾನಗಳ ನೋಟನ್ನು ಸದಾ ತಡೆಯುತ್ತಿದ್ದ ಬ್ರಿಟಿಷರು 1918ರಲ್ಲಿ ಹೈದರಾಬಾದಿಗೆ 10 ಮತ್ತು 100 ರೂಪಾಯಿ ನೋಟಿಗೆ ಒಪ್ಪಿದರು. ಯುದ್ಧಕ್ಕೆ ನಿಜಾಮನು ಕೊಟ್ಟ ನೆರವು ಅದಕ್ಕೆ ಒಂದು ಕಾರಣ. ಬೆಳ್ಳಿಯ ಅಭಾವ ಇನ್ನೊಂದು. ಮರುವರ್ಷ 1 ಮತ್ತು 5 ರೂಪಾಯಿಯ ನೋಟುಗಳು ಬಂದವು. ಉಸ್ಮಾನಿಯಾ ಸಿಕ್ಕಾ ಎಂಬ ಹೈದರಾಬಾದಿನ ಹಣದ ಆ ನೋಟುಗಳಲ್ಲಿ ಮೊತ್ತ ಕನ್ನಡದಲ್ಲೂ ಇದೆ. ಕನ್ನಡ ಅಕ್ಷರ ಹೊತ್ತ ಈ ಸಾಕ್ಷ್ಯವನ್ನು ಪಿಟ್‌ಮನ್ ಕಾಯ್ದೆಯ ಚರ್ಚೆಯಲ್ಲಿ ನಮ್ಮವರೇ ಬಳಸದಿದ್ದುದು ಬೇಸರದ ಸಂಗತಿ. (ಪ್ರೊ. ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ಪ್ರಾಚೀನ ನಾಣ್ಯಗಳಿಗೆ ತಂದ ಶಿಸ್ತು ಆಧುನಿಕ ಹಣಕ್ಕೂ ಬೇಕು. ಅದನ್ನು ವ್ಯಾಪಾರಿಗಳಿಗೆ ಬಿಟ್ಟುಕೊಟ್ಟವರು ನಾವೇ.)

ದೃಢವಾದ ಮೂಲ ಹೇಗಿರುತ್ತದೆಂಬುದಕ್ಕೆ ಮಾದರಿಯೂ ಇದೆ. ಲಂಡನ್ನಿನಿಂದ ಮುಂಬಯಿಗೆ ಹೊರಟ ‘ಶಿರಾಲ’ ಹಡಗು 1918ರ ಜುಲೈ 2ರಂದು ಜರ್ಮನ್ ಜಲಾಂತರ್ನೌಕೆಯ ಏಟಿಗೆ ಮುಳುಗಿ, ಅದರಲ್ಲಿದ್ದ ನೋಟುಗಳು ಇಂಗ್ಲೆಂಡಿನ ದಡಕ್ಕೆ ತೇಲಿಬಂದವು. ಅವುಗಳಲ್ಲಿ 1918ರ ಮೇ 25ರ ದಿನಾಂಕವಿರುವ ಎರಡು ಹತ್ತು ರೂಪಾಯಿ ನೋಟುಗಳು 2024ರ ಮೇ ತಿಂಗಳಲ್ಲಿ ಲಂಡನ್ನಿನ ನೂನನ್ಸ್ ಹರಾಜುಮನೆಗೆ ಬಂದವು. ದಿನಾಂಕ, ಹಡಗು, ಘಟನೆ ಮೂರೂ ಒಂದಕ್ಕೊಂದು ಕೂಡಿವೆ. ಅಂಥ ನೋಟಿಗೆ ಹೆಚ್ಚು ಬೆಲೆ ಕಟ್ಟುವುದು ನ್ಯಾಯ.

ಸೋಲಾಪುರ, ಅಕ್ಕಲಕೋಟ, ಆಳಂದ, ಕಲಬುರಗಿಯ ಸಂಗ್ರಾಹಕರಲ್ಲಿ ನನ್ನ ವಿನಂತಿ ಇಷ್ಟು. ‘ಅಮೆರಿಕನ್ ಬೆಳ್ಳಿ’ ಎಂಬ ಮಾತಿಗೆ ಒಂದು ಪೈಸೆಯನ್ನೂ ಹೆಚ್ಚು ಕೊಡಬೇಡಿ. ಹಳೆಯ ಉಸ್ಮಾನಿಯಾ ನೋಟು ಮನೆಯ ಪೆಟ್ಟಿಗೆಯಲ್ಲಿ ಸಿಕ್ಕರೆ ಯಾರ ಮನೆಯದು, ಯಾವ ಊರಿನದು, ಯಾವುದರ ಜೊತೆ ಇತ್ತು ಎಂಬುದನ್ನು ಮಾರುವ ಮೊದಲು ಬರೆದಿಡಿ. ನೆಲದಲ್ಲಿ ಹೂತ ಗಂಟು ಸಿಕ್ಕರೆ 1878ರ ನಿಧಿ ಕಾಯ್ದೆಯ ಪ್ರಕಾರ ಕಲೆಕ್ಟರರಿಗೆ ತಿಳಿಸಿ. 1918ರ ರೂಪಾಯಿಗೂ ಈಗ ನೂರು ವರ್ಷ ದಾಟಿರುವುದರಿಂದ 1972ರ ಪುರಾವಸ್ತು ಕಾಯ್ದೆಯಡಿ ಅದು ಪುರಾವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ.