ಎರಡು ರನ್ನುಗಳ ನ್ಯಾಯ



ಇತಿಹಾಸದ ಮೇಲೆ ಒಂದು ಉಪನ್ಯಾಸ ಬೇಕೆಂದು ತಾವು ಆಹ್ವಾನಿಸಿದಾಗ ಕದಂಬರನ್ನೋ ಹೊಯ್ಸಳರನ್ನೋ ನಿರೀಕ್ಷಿಸಿದ್ದಿರಬೇಕು. ತಾಳಗುಂದದ ಶಾಸನದ ಬಗ್ಗೆ ಟಿಪ್ಪಣಿ ಮಾಡಿಕೊಂಡೇ ನಾವು ಹೊರಟಿದ್ದೆವು. ಆದರೆ ವೆಂಬ್ಲಿ ಪಾರ್ಕ್ ನಿಲ್ದಾಣದಲ್ಲಿ ಇಳಿದು, ಎದುರಿಗೆ ಕ್ರೀಡಾಂಗಣದ ಆ ಮಹಾಕಮಾನನ್ನು ಕಂಡೊಡನೆ ಮನಸ್ಸು ಬದಲಾಯಿತು. ಹಿಂದೆಂದೋ ಮುಗಿದ ಪಂದ್ಯದ ಕಿರೀಟ ನ್ಯಾಯವಾಗಿ ಯಾರಿಗೆ ಸಲ್ಲಬೇಕಾಗಿತ್ತು ಎಂಬ ವ್ಯಾಜ್ಯವೂ ಇತಿಹಾಸವೇ. ಅಂಥ ವ್ಯಾಜ್ಯಗಳಲ್ಲಿ ಜಗತ್ಪ್ರಸಿದ್ಧವಾದದ್ದು ಹುಟ್ಟಿದ್ದು ಈ ಊರಿನಲ್ಲಿ. ಅದರ ನೆರವಿನಿಂದ ನಮ್ಮ ಕನ್ನಡಿಗರದೇ ಒಂದು ಹಳೆಯ ವ್ಯಾಜ್ಯವನ್ನು ಇಂದು ತಮ್ಮ ಮುಂದೆ ಬಿಚ್ಚಿಡಬೇಕೆಂದಿದ್ದೇವೆ.

ಮೊದಲು ಈ ಊರಿನ ಕಥೆ. 1966ರ ಜುಲೈ 30, ಶನಿವಾರ. ಇಂದಿನ ಕಮಾನಿನ ಕ್ರೀಡಾಂಗಣವಲ್ಲ. 1923ರಲ್ಲಿ ಕಟ್ಟಿ 2003ರಲ್ಲಿ ಕೆಡವಿದ, ಜೋಡಿ ಗೋಪುರಗಳ ಹಳೆಯ ಕ್ರೀಡಾಂಗಣ. ವಿಶ್ವಕಪ್ ಫುಟ್‌ಬಾಲಿನ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡಿಗೆ ಎದುರಾಳಿ ಪಶ್ಚಿಮ ಜರ್ಮನಿ. ತೊಂಬತ್ತು ನಿಮಿಷ ಮುಗಿಯಲು ಇನ್ನೇನು ಕ್ಷಣಗಳಿವೆ ಎನ್ನುವಾಗ ಜರ್ಮನಿಯ ವೆಬರ್ ಗೋಲು ಹೊಡೆದು 2-2 ಮಾಡಿದರು. ಹೆಚ್ಚುವರಿ ಅವಧಿ ಆರಂಭವಾಯಿತು. ನೂರೊಂದನೆಯ ನಿಮಿಷದಲ್ಲಿ ಜೆಫ್ ಹರ್ಸ್ಟ್ ಒದ್ದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು, ನೆಟ್ಟಗೆ ಕೆಳಗೆ ಬಿದ್ದು, ಪುಟಿದು ಹೊರಬಂದಿತು. ವೆಬರ್ ಅದನ್ನು ತಲೆಯಿಂದ ಆಚೆಗೆ ಸಾಗಿಸಿದರು. ಚೆಂಡು ಪೂರ್ತಿಯಾಗಿ ಗೆರೆ ದಾಟಿದರೆ ಮಾತ್ರ ಗೋಲು. ದಾಟಿತ್ತೆ?

ಸ್ವಿಟ್ಜರ್ಲೆಂಡಿನ ರೆಫರಿ ಡೀನ್ಸ್ಟ್ ಅವರಿಗೆ ಕಂಡಿರಲಿಲ್ಲ. ಲೈನ್ಸ್‌ಮನ್ ಬಳಿಗೆ ನಡೆದುಹೋದರು. ಇಬ್ಬರಿಗೂ ಸಮಾನವಾದ ಭಾಷೆ ಇರಲಿಲ್ಲವೆಂದು ಹೇಳುತ್ತಾರೆ. ಲೈನ್ಸ್‌ಮನ್ ತಲೆಯಾಡಿಸಿದರು, ಗೋಲು ಎಂದು ತೀರ್ಪಾಯಿತು. ಈ ದೇಶದವರು ಇವತ್ತಿಗೂ ಅವರನ್ನು 'ರಷ್ಯನ್ ಲೈನ್ಸ್‌ಮನ್' ಎಂದೇ ನೆನೆಯುತ್ತಾರೆ. ಅವರು ರಷ್ಯದವರಲ್ಲ, ಅಜರ್‌ಬೈಜಾನಿನವರು. ಹೆಸರು ತೋಫಿಕ್ ಬಹ್ರಾಮೊವ್. ದೆಹಲಿಯವರ ಬಾಯಲ್ಲಿ ನಾವೆಲ್ಲರೂ ಮದರಾಸಿಗಳಾದ ಹಾಗೆ! ಅವರ ನಾಡಿನವರು ಮಾತ್ರ ಮರೆಯಲಿಲ್ಲ. 1993ರಲ್ಲಿ ಬಾಕುವಿನ ರಾಷ್ಟ್ರೀಯ ಕ್ರೀಡಾಂಗಣಕ್ಕೆ ಅವರ ಹೆಸರನ್ನಿಟ್ಟರು. 2004ರಲ್ಲಿ ಅಲ್ಲಿ ಅವರ ಪ್ರತಿಮೆಯ ಅನಾವರಣವಾದಾಗ ಹರ್ಸ್ಟ್ ಅವರೇ ಹೋಗಿದ್ದರು.

ಜರ್ಮನ್ ಭಾಷೆಯಲ್ಲಿ 'ವೆಂಬ್ಲಿ ಗೋಲು' ಎಂಬುದು ಒಂದು ಪದವಾಗಿಯೇ ಬೇರೂರಿತು. ಅಡ್ಡಪಟ್ಟಿಗೆ ಬಡಿದು ಗೆರೆಯ ಬಳಿ ಬೀಳುವ ಚೆಂಡಿಗೆಲ್ಲ ಅವರಲ್ಲಿ ಅದೇ ಹೆಸರು. ತಾವು ಮನೆ ಮಾಡಿಕೊಂಡಿರುವ ಊರಿನ ಹೆಸರು ಪಕ್ಕದ ದೇಶದಲ್ಲಿ ಅನ್ಯಾಯಕ್ಕೆ ಪರ್ಯಾಯಪದವಾಗಿದೆ ಎಂಬುದನ್ನು ತಮ್ಮಲ್ಲಿ ಎಷ್ಟು ಜನ ಬಲ್ಲಿರೋ! 1996ರಲ್ಲಿ ಆಕ್ಸ್‌ಫರ್ಡಿನ ಇಬ್ಬರು ವಿದ್ವಾಂಸರು, ರೀಡ್ ಮತ್ತು ಜಿಸರ್ಮನ್, ಹಳೆಯ ಚಲನಚಿತ್ರಗಳನ್ನು ಗಣಕಯಂತ್ರದಿಂದ ಅಳೆದು, ಚೆಂಡು ಗೋಲಾಗಲು ಕನಿಷ್ಠ 6 ಸೆಂಟಿಮೀಟರ್ ಸಾಲದಾಗಿತ್ತು ಎಂದು ತೋರಿಸಿದರು. ಆದರೂ ವಾದ ನಿಲ್ಲಲಿಲ್ಲ. ವೆಬರ್ ಹೊಡೆದ ಸಮಬಲದ ಗೋಲಿಗೆ ಮುನ್ನ ಚೆಂಡು ಜರ್ಮನಿಯ ಶ್ನೆಲಿಂಗರ್ ಅವರ ಕೈಗೆ ತಗುಲಿತ್ತು ಎಂಬುದು ಇಂಗ್ಲಿಷರ ದೂರು. ಅದನ್ನು ಹಿಡಿದರೆ ಹೆಚ್ಚುವರಿ ಅವಧಿಯೇ ಬೇಕಿರಲಿಲ್ಲ, 2-1ರಲ್ಲಿ ಪಂದ್ಯ ಮುಗಿಯುತ್ತಿತ್ತು. ಹೀಗೆ ಎರಡು ಕಡೆಯವರ ಜೇಬಿನಲ್ಲೂ ಒಂದೊಂದು ಅನ್ಯಾಯವಿದೆ. ಪ್ರತಿಯೊಬ್ಬರೂ ತಮ್ಮದನ್ನಷ್ಟೇ ತೆಗೆದು ತೋರಿಸುತ್ತಾರೆ.

ಇಂಗ್ಲೆಂಡ್ ಗೆದ್ದದ್ದು 4-2ರಿಂದ. ಮೂರನೆಯ ಗೋಲನ್ನು ಕಳೆದರೂ 3-2 ಉಳಿಯುತ್ತದಲ್ಲ ಎಂದು ಕೆಲವರ ಲೆಕ್ಕ. ಇದು ಅಂಗಡಿಯ ಲೆಕ್ಕವೇ ಹೊರತು ಇತಿಹಾಸದ ಲೆಕ್ಕವಲ್ಲ. ನಾಲ್ಕನೆಯ ಗೋಲು ಬಂದದ್ದು ಕೊನೆಯ ನಿಮಿಷದಲ್ಲಿ, ಹಿಂದುಳಿದ ಜರ್ಮನರು ಸಮ ಮಾಡುವ ಹಠದಲ್ಲಿ ಮುಂದೆ ನುಗ್ಗಿದ್ದಾಗ. ಮೂರನೆಯದು ಇಲ್ಲದಿದ್ದರೆ ಅವರು ಹಾಗೆ ನುಗ್ಗುತ್ತಲೇ ಇರಲಿಲ್ಲ. ಕೆಳಗಿನ ಇಟ್ಟಿಗೆಯನ್ನು ಎಳೆದು ತೆಗೆದು, ಮೇಲಿನ ಗೋಡೆ ಇದ್ದ ಹಾಗೇ ಇದೆ ಎಂದರೆ ಹೇಗೆ?

ಇಷ್ಟನ್ನು ಹೇಳುವಾಗ ನಮಗೆ ನಗುವೇ ಬರುತ್ತದೆ, ಏಕೆಂದರೆ ಇದು ಪರರ ಮನೆಯ ಜಗಳ. ನಮ್ಮ ಮನೆಯದಕ್ಕೆ ಬಂದಾಗ ನಾಲಿಗೆ ಅಷ್ಟು ಸುಲಭವಾಗಿ ಹೊರಳುವುದಿಲ್ಲ.

1982ರ ವಸಂತ. ಆಗ ಊರಿನ ಸುದ್ದಿ ಬರುತ್ತಿದ್ದುದು ನೀಲಿ ಏರೋಗ್ರಾಮಿನಲ್ಲಿ. ನಮ್ಮ ಭಾವನವರು ಬಸವನಗುಡಿಯವರು. ಮನೆಯ ಯೋಗಕ್ಷೇಮಕ್ಕೆ ಎರಡು ಸಾಲು, ಉಳಿದದ್ದೆಲ್ಲ ಕ್ರಿಕೆಟ್ಟಿಗೆ. ಒಂದು ಪತ್ರ ಬಂದಿತು: ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ರಣಜಿ ಟ್ರೋಫಿಯ ಅಂತಿಮ ಪಂದ್ಯ, ನಮ್ಮವರು 705 ರನ್ ಗಳಿಸಿದ್ದಾರೆ, ಇನ್ನು ಕಪ್ಪು ಬೆಂಗಳೂರಿಗೆ ಬಂದಂತೆಯೇ. ಆ ವಾರಾಂತ್ಯ ನಮ್ಮ ಮನೆಯಲ್ಲಿ ಕೇಸರಿಭಾತು ಮಾಡಿ ನಾಲ್ಕಾರು ಕನ್ನಡ ಕುಟುಂಬಗಳನ್ನು ಕರೆದೆವು. ಎರಡನೆಯ ಪತ್ರ ಹತ್ತು ದಿನಗಳ ಅನಂತರ ತಲುಪಿತು. ಅದರಲ್ಲಿ ಯೋಗಕ್ಷೇಮದ ಎರಡು ಸಾಲೂ ಇರಲಿಲ್ಲ.

ನಡೆದದ್ದಿಷ್ಟು. ಬ್ರಿಜೇಶ್ ಪಟೇಲ್, ಕಿರ್ಮಾನಿ, ಬಿನ್ನಿ ಅವರೆಲ್ಲ ಇದ್ದ ಕರ್ನಾಟಕ ತಂಡ ಎರಡು ದಿನಗಳಿಗೂ ಮಿಕ್ಕಿ ಆಡಿ 705ಕ್ಕೆ ಆಲ್ ಔಟ್ ಆಯಿತು. ಉತ್ತರವಾಗಿ ದೆಹಲಿಯ ಮೊಹಿಂದರ್ ಅಮರನಾಥ್ 185 ಹೊಡೆದರು. ಗುರುಶರಣ್ ಸಿಂಗ್ ಶತಕ ಗಳಿಸಿದರು. ಆದರೂ 589 ಆಗುವಷ್ಟರಲ್ಲಿ ಎಂಟು ವಿಕೆಟ್ ಬಿದ್ದಿದ್ದವು. ಇನ್ನೂ 117 ರನ್ ಬೇಕು. ಉಳಿದದ್ದು ಎರಡೇ ವಿಕೆಟ್. ಕ್ರೀಸಿನಲ್ಲಿ ಲೆಗ್ ಸ್ಪಿನ್ನರ್ ರಾಕೇಶ್ ಶುಕ್ಲಾ, ಜೊತೆಗೆ ಬಂದವರು ವೇಗದ ಬೌಲರ್ ರಾಜೇಶ್ ಪೀಟರ್. ಇವರಿಬ್ಬರೂ ಔಟಾಗಲೇ ಇಲ್ಲ. ಶುಕ್ಲಾ 69, ಪೀಟರ್ 67. ಮುರಿಯದ 118 ರನ್ನುಗಳ ಜೊತೆಯಾಟ. ಎಂಟು ವಿಕೆಟ್ಟಿಗೆ 707. ಅಲ್ಲಿಗೆ ಪಂದ್ಯ ಮುಗಿಯಿತು. ದೆಹಲಿ ಚಾಂಪಿಯನ್.

ಈ ದೇಶದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಒಂದು ಮಾತನ್ನು ವಿವರಿಸಬೇಕು. ರಣಜಿ ಪಂದ್ಯ ಎರಡೆರಡು ಇನ್ನಿಂಗ್ಸುಗಳದು. ನಿಗದಿಯಾದ ಅವಧಿಯಲ್ಲಿ ಅದು ಪೂರ್ತಿಯಾಗದಿದ್ದರೆ, ಮೊದಲ ಇನ್ನಿಂಗ್ಸಿನಲ್ಲಿ ಯಾರು ಮುಂದಿದ್ದಾರೋ ಅವರಿಗೆ ಜಯ. ಒಂದೇ ರನ್ ಮುಂದಿದ್ದರೂ ಸಾಕು. ಹೀಗಾಗಿ ಟಾಸ್ ಗೆದ್ದವರು ಒಳ್ಳೆಯ ಪಿಚ್ಚಿನ ಮೇಲೆ ಸಾಧ್ಯವಾದಷ್ಟು ಹೊತ್ತು ಆಡುತ್ತಲೇ ಇರುವುದು ಜಾಣತನವೆನಿಸಿತು. ಎದುರಾಳಿಯನ್ನು ಎರಡು ಸಲ ಔಟ್ ಮಾಡುವ ಯೋಚನೆ ಹಿಂದೆ ಸರಿಯಿತು.

ಭಾವನವರ ಪತ್ರದ ವಾದ, ಮತ್ತು ಅಂದಿನಿಂದ ಎಷ್ಟೋ ಕನ್ನಡಿಗರ ಬಾಯಲ್ಲಿ ನಾವು ಕೇಳಿರುವ ವಾದ, ಹೀಗಿದೆ: 705 ಗಳಿಸಿದವರು ಸೋತರೆಂದರೆ ಅದೆಂಥ ನಿಯಮ? ಎರಡು ರನ್ನಿನಿಂದ ಒಂದು ಇಡೀ ಋತುವಿನ ಶ್ರಮ ಅಳಿಸಿಹೋಗಬೇಕೆ? ಆ ವರ್ಷ ಭಾರತದ ಅತ್ಯುತ್ತಮ ತಂಡ ನಮ್ಮದೇ ಆಗಿರಲಿಲ್ಲವೆ? ಸೆಮಿಫೈನಲಿನಲ್ಲಿ ಮುಂಬಯಿಯಂಥ ಮುಂಬಯಿಯನ್ನೇ ಬೆಂಗಳೂರಿನಲ್ಲಿ ಮಣಿಸಿರಲಿಲ್ಲವೆ? ರಘುರಾಮ ಭಟ್ಟರ ಎಡಗೈ ಸ್ಪಿನ್ನಿಗೆ ಬೆದರಿ, ಸಾಕ್ಷಾತ್ ಸುನಿಲ್ ಗಾವಸ್ಕರ್ ಎಡಗೈಯವರ ಹಾಗೆ ತಿರುಗಿ ನಿಂತು ಆಡಲಿಲ್ಲವೆ?

ಎಲ್ಲವೂ ನಿಜ. ಗಾವಸ್ಕರ್ ಎಡಗೈಯಲ್ಲಿ ಆಡಿದ್ದೂ ನಿಜ; ಅದನ್ನು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕಣ್ಣಾರೆ ಕಂಡವರು ಇಂದಿಗೂ ಮೊಮ್ಮಕ್ಕಳಿಗೆ ಕಥೆಯಾಗಿ ಹೇಳುತ್ತಾರೆ. ಆದರೆ ಆ ಸೆಮಿಫೈನಲನ್ನು ನಾವು ಗೆದ್ದದ್ದು ಹೇಗೆ? ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ. ಎರಡನೆಯ ಸಲ ಮುಂಬಯಿಯ ಹತ್ತೂ ವಿಕೆಟ್ ಬೀಳದಂತೆ ತಡೆದವರಲ್ಲಿ ಆ ಎಡಗೈ ಗಾವಸ್ಕರರೂ ಒಬ್ಬರು. ಯಾವ ನಿಯಮ ನಮ್ಮನ್ನು ಕೋಟ್ಲಾಕ್ಕೆ ಕರೆದೊಯ್ದಿತೋ ಅದೇ ನಿಯಮ ಅಲ್ಲಿ ನಮ್ಮ ಕೈಬಿಟ್ಟಿತು. ದಾರಿಯಲ್ಲಿ ಅದರ ಹೆಗಲೇರಿ ಬಂದವರು ಮನೆಬಾಗಿಲಲ್ಲಿ ಅದನ್ನು ಶಪಿಸುವುದು ಉಚಿತವೆ?

ಇನ್ನೊಂದು ಮಾತು. ಎರಡು ರನ್ ಎಂದು ನಾವೆಲ್ಲ ಹಲುಬುತ್ತೇವೆ. ಎರಡು ವಿಕೆಟ್ ಎಂದು ಯಾರೂ ಹೇಳುವುದಿಲ್ಲ. ನಮ್ಮವರು ಹತ್ತು ವಿಕೆಟ್ ಕಳೆದುಕೊಂಡು 705 ಗಳಿಸಿದರು. ಅವರು ಎಂಟನ್ನೇ ಕಳೆದುಕೊಂಡು 707. ಕೊನೆಗೆ ಕ್ರೀಸಿನಲ್ಲಿದ್ದವರು ಔಟಾಗದೆ ನಿಂತಿದ್ದರು. ಮುಂದುವರಿಸಿದ್ದರೆ ಇನ್ನಷ್ಟು ಗಳಿಸಬಹುದಾಗಿತ್ತು. ಸೋಲು ನಾವು ಹೇಳುವಷ್ಟು ಕೂದಲೆಳೆಯದಲ್ಲ. 589ಕ್ಕೆ ಎಂಟು ಬಿದ್ದ ಮೇಲೆ, ಬೌಲರುಗಳೆಂದೇ ಹೆಸರಾದ ಇಬ್ಬರಲ್ಲಿ ಒಬ್ಬರನ್ನಾದರೂ ನಾವು ಬೇಗ ಔಟ್ ಮಾಡಬೇಕಾಗಿತ್ತು. ಮಾಡಲಾಗಲಿಲ್ಲ. ಶುಕ್ಲಾ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮದರಾಸಿನಲ್ಲಿ ಶ್ರೀಲಂಕಾದ ವಿರುದ್ಧ ಭಾರತಕ್ಕೆ ಆಡಿದರು, ಒಂದೇ ಒಂದು ಟೆಸ್ಟ್. ಪೀಟರ್ ಅವರಿಗೆ ಅದೂ ದೊರೆಯಲಿಲ್ಲ. ಆದರೂ ಬಸವನಗುಡಿಯಲ್ಲಿ ಆ ಎರಡು ಹೆಸರುಗಳನ್ನು ಮರೆತವರಿಲ್ಲ!

ದೆಹಲಿಯವರು ಅದಕ್ಕೆ ಮೂರು ವರ್ಷ ಮೊದಲು, 1978-79ರ ಅಂತಿಮ ಪಂದ್ಯದಲ್ಲಿ, ನಮ್ಮನ್ನು ನಮ್ಮ ಬೆಂಗಳೂರಿನಲ್ಲೇ 399 ರನ್ನುಗಳಿಂದ ಸೋಲಿಸಿದ್ದರು. ಆ ಸೋಲನ್ನು ಯಾರಾದರೂ ಎತ್ತಿ ಆಡಿದ್ದನ್ನು ನಾವು ಕೇಳಿಲ್ಲ. 399 ರನ್ನುಗಳನ್ನು ನುಂಗಿಕೊಂಡವರಿಗೆ ಈ ಎರಡು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡವು.

ಈಗ ಮರುವರ್ಷಕ್ಕೆ ಬರೋಣ. 1982-83ರ ಅಂತಿಮ ಪಂದ್ಯ ಮುಂಬಯಿಯಲ್ಲಿ. ಮುಂಬಯಿ 534, ಕರ್ನಾಟಕ 551. ಹದಿನೇಳು ರನ್ನುಗಳ ಮುನ್ನಡೆ, ಪಂದ್ಯ ಪೂರ್ತಿಯಾಗಲಿಲ್ಲ, ಅದೇ ನಿಯಮ, ಕಪ್ಪು ನಮ್ಮದು. ಈ ಸಲದ ಏರೋಗ್ರಾಮಿನಲ್ಲಿ ನಿಯಮದ ಕ್ರೌರ್ಯದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಕೇಸರಿಭಾತು ನಮ್ಮ ಮನೆಯಲ್ಲೂ ಆಯಿತು, ಈ ಸಲ ಎರಡನೆಯ ಪತ್ರ ಬಂದ ಮೇಲೆ. ಮೂರು ತಿಂಗಳಲ್ಲಿ ಬಿನ್ನಿ, ಕಿರ್ಮಾನಿ ಇದೇ ಲಂಡನ್ನಿಗೆ ಬಂದು ಲಾರ್ಡ್ಸಿನಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಆ ಸಂಭ್ರಮದಲ್ಲಿ ಹದಿನೇಳು ರನ್ನಿನ ಮಾತು ಯಾರಿಗೆ ನೆನಪಾದೀತು?

ಇನ್ನೂ ಹಿಂದೆ ಹೋದರೆ ನಮ್ಮ ಮೊಟ್ಟಮೊದಲ ಕಿರೀಟ ಸಿಗುತ್ತದೆ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದೇ ಋತುವಿನಲ್ಲಿ ಪ್ರಸನ್ನ ಅವರ ನಾಯಕತ್ವದ ತಂಡ, ಹದಿನೈದು ವರ್ಷ ಬಿಡದೆ ಕಪ್ಪನ್ನು ಇಟ್ಟುಕೊಂಡಿದ್ದ ಮುಂಬಯಿಯನ್ನು ಬೆಂಗಳೂರಿನ ಸೆಮಿಫೈನಲಿನಲ್ಲಿ ಕೆಡವಿತು. ವಿಶ್ವನಾಥ್ 162, ಬ್ರಿಜೇಶ್ 106. ನಮ್ಮದು 385, ಅವರದು 307. ಅದೂ ಮೊದಲ ಇನ್ನಿಂಗ್ಸಿನ ಜಯವೇ! ಚೆನ್ನಾಗಿ ಆಡುತ್ತಿದ್ದ ಅಜಿತ್ ವಾಡೇಕರ್ ಓಡುವಾಗ ಕಾಲು ಜಾರಿ ರನ್ ಔಟ್ ಆಗದಿದ್ದರೆ ಏನಾಗುತ್ತಿತ್ತೋ! ಅಂತಿಮ ಪಂದ್ಯದಲ್ಲಿ ರಾಜಸ್ಥಾನವನ್ನು ಜೈಪುರದಲ್ಲಿ 185 ರನ್ನುಗಳಿಂದ ನಿಸ್ಸಂದೇಹವಾಗಿ ಸೋಲಿಸಿದೆವು ಎಂಬುದು ನಮ್ಮ ಪುಣ್ಯ. ಆದರೆ ವಾಡೇಕರ್ ಜಾರಿದ್ದರಿಂದ ಆ ಕಿರೀಟ ಅರ್ಧಬೆಲೆಯದು ಎಂದು ಯಾವ ಕನ್ನಡಿಗನೂ ಹೇಳಿದ್ದನ್ನು ನಾವು ಕೇಳಿಲ್ಲ. ನಾವೂ ಹೇಳಿಲ್ಲ.

ತಮ್ಮ ಮಕ್ಕಳು ಕಣ್ಣಾರೆ ಕಂಡಿರುವ ಉದಾಹರಣೆಯೂ ಒಂದಿದೆ. 2019ರ ಜುಲೈ 14ರಂದು ಲಾರ್ಡ್ಸಿನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ತಲಾ 241 ಗಳಿಸಿದವು. ಸೂಪರ್ ಓವರಿನಲ್ಲೂ ತಲಾ 15. ಕೊನೆಗೆ ಯಾರು ಹೆಚ್ಚು ಬೌಂಡರಿ ಹೊಡೆದಿದ್ದಾರೆಂದು ಎಣಿಸಿ, 26ಕ್ಕೆ 17 ಎಂದು, ವಿಶ್ವಕಪ್ಪನ್ನು ಇಂಗ್ಲೆಂಡಿಗೆ ಕೊಟ್ಟರು. ಮೂರು ತಿಂಗಳಲ್ಲಿ ಆ ನಿಯಮವನ್ನೇ ಕೈಬಿಟ್ಟರು. ಆದರೆ ಕಪ್ಪನ್ನು ಹಿಂದಕ್ಕೆ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಆಡುವ ಮುನ್ನ ಎರಡೂ ತಂಡಗಳು ಒಪ್ಪಿದ್ದ ನಿಯಮವದು. ಕೆಟ್ಟ ನಿಯಮ ಬೇರೆ, ಮೋಸ ಬೇರೆ.

ನಮ್ಮ ತೀರ್ಪನ್ನು ಕೇಳುವಿರಾದರೆ ಹೇಳಿಬಿಡುತ್ತೇವೆ. 1966ರ ಮೂರನೆಯ ಗೋಲು ಗೋಲಲ್ಲ. ಆದರೂ ಕಪ್ಪು ಇಂಗ್ಲೆಂಡಿನದು, ಏಕೆಂದರೆ ಆ ಗೋಲಿಲ್ಲದ ಪಂದ್ಯ ಹೇಗೆ ಮುಗಿಯುತ್ತಿತ್ತೆಂಬುದನ್ನು ಯಾವ ಗಣಕಯಂತ್ರವೂ ಹೇಳಲಾರದು. 1983ರ ಕಪ್ಪು ನಮ್ಮದು. 1982ರದು ದೆಹಲಿಯದು, ಮತ್ತು ಅರ್ಹತೆಯಿಂದಲೇ ಅವರದು. ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಒಪ್ಪದಿರಲು ನಮಗೆ ಯಾವ ಆಧಾರವೂ ಸಿಗಲಿಲ್ಲ, ಹುಟ್ಟೂರಿನ ಹೊರತು. ಇಷ್ಟನ್ನು ಹೇಳಿದ್ದಕ್ಕೆ ಸಭೆಯಲ್ಲಿರುವ ಹಿರಿಯರು ಕ್ಷಮಿಸಬೇಕು. ಒಬ್ಬಿಬ್ಬರ ಮುಖ ಈಗಾಗಲೇ ಕೆಂಪಾಗಿರುವುದು ಕಾಣುತ್ತಿದೆ.

ಈ ಉಪನ್ಯಾಸಕ್ಕೆ ಹೊರಡುವ ಮುನ್ನ ಭಾವನವರಿಗೆ ದೂರವಾಣಿ ಮಾಡಿ ನಮ್ಮ ವಾದವನ್ನೆಲ್ಲ ಒಪ್ಪಿಸಿದೆವು. ತಾಳ್ಮೆಯಿಂದ ಕೇಳಿದರು. 1983ರ ಹದಿನೇಳು ರನ್ನಿನ ವಿಚಾರ ಬಂದಾಗ, ನಿಯಮವೆಂದರೆ ನಿಯಮ, ಅದರಲ್ಲಿ ಚರ್ಚೆಗೇನಿದೆ ಎಂದರು. ಹಾಗಾದರೆ 1982ರದು, ಎಂದೆವು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಅಲ್ಲಿ ಈಗ ಚಳಿ ಹೇಗಿದೆ, ಮಕ್ಕಳು ಚೆನ್ನಾಗಿದ್ದಾರೆಯೇ ಎಂದು ಕೇಳಿದರು.