ಡೊಂಬಿವಲಿ ಸ್ಟೇಷನ್ನಿನ ಸಂಖ್ಯೆ

ಮುಂಬಯಿ ಕಡೆ ಬಂದು ನಲವತ್ತು ವರ್ಷದ ಮೇಲಾಯಿತು. ಅದರಲ್ಲಿ ಮುಕ್ಕಾಲು ಪಾಲು ಡೊಂಬಿವಲಿಯಲ್ಲೇ ಕಳೆದಿದ್ದೇನೆ. ದಿನಾ ಬೆಳಿಗ್ಗೆ ವಿ.ಟಿ. ಲೋಕಲ್ಲಿಗೆ (ನಾವು ಹಳಬರು ಇನ್ನೂ ವಿ.ಟಿ. ಅಂತಲೇ ಅನ್ನೋದು) ನೂಕಾಡುತ್ತಿದ್ದ ಈ ಸ್ಟೇಷನ್ನಿನ ಹೆಸರು ಗಣಿತದಲ್ಲೂ ಇದೆ ಎಂದು ಗೊತ್ತಾಗಿದ್ದು ಮಾತ್ರ ರಿಟೈರ್ ಆದ ಮೇಲೆ!

ಈ ಸಂಖ್ಯೆ ನೋಡಿ: 12345678987654321. ಹಿಂದಿನಿಂದ ಓದಿದರೂ ಅದೇ. ಇದು ಡೆಮ್ಲೊ ಸಂಖ್ಯೆಗಳಲ್ಲೊಂದು. ಹೆಸರಿಟ್ಟವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿ, 1930ರಿಂದ 1962ರವರೆಗೆ ನಾಸಿಕದ ಹತ್ತಿರದ ದೇವಲಾಲಿಯಲ್ಲಿ ಶಾಲಾ ಮಾಸ್ತರಾಗಿದ್ದವರು. ಈ ಸಂಖ್ಯೆಗಳ ಯೋಚನೆ ಹೊಳೆದದ್ದು ಜಿ.ಐ.ಪಿ. ರೈಲ್ವೆಯ ಡೆಮ್ಲೊ ಸ್ಟೇಷನ್ನಿನಲ್ಲಂತೆ. ಅದೇ ಈಗಿನ ಡೊಂಬಿವಲಿ.

ಈ ಸಂಖ್ಯೆ ಹುಟ್ಟುವುದು ಬರೀ ಒಂದುಗಳಿಂದ. 11ನ್ನು 11ರಿಂದ ಗುಣಿಸಿ, 121. 111ನ್ನು 111ರಿಂದ ಗುಣಿಸಿ, 12321. ಹೀಗೇ ಒಂಬತ್ತು ಒಂದುಗಳವರೆಗೆ ಹೋದರೆ ಮೇಲಿನ ಸಂಖ್ಯೆ. ಗುಣಾಕಾರವನ್ನು ಕಾಗದದ ಮೇಲೆ ಸಾಲಾಗಿ ಬರೆದರೆ ಗುಟ್ಟು ಕಾಣುತ್ತದೆ. ಒಂದೊಂದು ಸಾಲೂ ಒಂದೊಂದು ಮನೆ ಎಡಕ್ಕೆ ಸರಿಯುತ್ತದೆ. ಕಂಬಸಾಲುಗಳನ್ನು ಕೂಡಿದರೆ ಒಂದು, ಎರಡು, ಮೂರು ಎಂದು ಏರಿ, ನಡುವೆ ಒಂಬತ್ತು ಮುಟ್ಟಿ, ಮತ್ತೆ ಇಳಿಯುತ್ತದೆ. ಅಂಕಿಗಳ ಮೊತ್ತ 81, ಅಂದರೆ ಒಂಬತ್ತೊಂಬತ್ಲ. ಆ 81ರಿಂದಲೇ ಸಂಖ್ಯೆಯನ್ನು ಗುಣಿಸಿದರೆ 999999999ರ ವರ್ಗ!

ಹತ್ತು ಒಂದುಗಳನ್ನು ತೆಗೆದುಕೊಂಡರೆ? ನಡುವಿನ ಮನೆಯಲ್ಲಿ ಹತ್ತು ಹಿಡಿಸುವುದಿಲ್ಲ. ಸೊನ್ನೆ ಉಳಿದು ಒಂದು ಪಕ್ಕಕ್ಕೆ ಹೋಗುತ್ತದೆ. ಅಲ್ಲಿದ್ದ ಒಂಬತ್ತೂ ಹತ್ತಾಗಿ, ಅದರಾಚೆಯ ಎಂಟು ಒಂಬತ್ತಾಗುತ್ತದೆ. ಉತ್ತರ 1234567900987654321. ಗೋಪುರದ ತುದಿ ಕುಸಿಯಿತು!

ಕಾಪ್ರೇಕರರಿಗೆ ಎಂ.ಎ. ಇರಲಿಲ್ಲ. ಇದೆಲ್ಲ ಮಕ್ಕಳಾಟ ಎಂದು ದೊಡ್ಡ ಗಣಿತಜ್ಞರು ತಳ್ಳಿಹಾಕಿದರು. ಬರೆದದ್ದನ್ನು ಎಷ್ಟೋ ಸಲ ತಾವೇ ಅಚ್ಚು ಹಾಕಿಸಿದರು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ 'ಸೈಂಟಿಫಿಕ್ ಅಮೆರಿಕನ್'ನಲ್ಲಿ ಬರೆದ ಮೇಲೆ ಜಗತ್ತಿಗೆ ಗೊತ್ತಾದರು. ಅಷ್ಟರಲ್ಲಿ ಅವರಿಗೆ ಎಪ್ಪತ್ತು. 1986ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಓದುವಾಗ ಅಪ್ಪ ನೆನಪಾದರು. ಅವರೂ ಊರಲ್ಲಿ ಮಾಸ್ತರು. ಸಂಜೆ ಜಗಲಿಯಲ್ಲಿ ಕೂತು ಹಳೇ ಪಂಚಾಂಗದ ಅಂಚಿನಲ್ಲಿ ಇಂಥವೇ ಗುಣಾಕಾರ ಮಾಡುತ್ತಿದ್ದರು. "ಇದರಿಂದ ಏನು ಸಿಗ್ತದೆ ಅಪ್ಪಾ?" ಎಂದು ಒಮ್ಮೆ ಕೇಳಿದ್ದೆ. ಕೆಲಸ ಸಿಕ್ಕಿದ ಗತ್ತಿನಲ್ಲಿದ್ದೆ ಆಗ. ಅವರು ಏನೂ ಹೇಳಲಿಲ್ಲ, ಪಂಚಾಂಗ ಮಡಚಿಟ್ಟರು.

ನಿನ್ನೆ ಒಂದು ಹಾಳೆ ತೆಗೆದುಕೊಂಡು ಒಂಬತ್ತು ಒಂದುಗಳನ್ನು ಕೈಯಲ್ಲೇ ಗುಣಿಸಿದೆ. ಕಾಲು ಗಂಟೆ ಹಿಡಿಯಿತು. ನೀವೂ ಒಮ್ಮೆ ಮಾಡಿ ನೋಡಿ.