ಓಮ್ ನಿಯಮದ ಮೊದಲ ರೂಪ: ಏರಿಳಿಯದ ವಿದ್ಯುತ್ ಮೂಲದ ಚರಿತ್ರೆ

ಹತ್ತನೇ ತರಗತಿಯ ಪ್ರಯೋಗಾಲಯದಲ್ಲಿ ಓಮ್ ನಿಯಮವನ್ನು ತೋರಿಸಿಕೊಡುವುದು ಒಂದು ಪೀರಿಯಡ್ಡಿನ ಕೆಲಸ. ಅರ್ಧ ಮೀಟರ್ ನೈಕ್ರೋಮ್ ತಂತಿ, 1.5 ವೋಲ್ಟಿನ ನಾಲ್ಕು ಕೋಶ, ಒಂದು ಅಮ್ಮೀಟರ್, ಒಂದು ವೋಲ್ಟ್‌ಮೀಟರ್ ಇದ್ದರೆ ಆಯಿತು. ಕೋಶಗಳನ್ನು ಒಂದೊಂದಾಗಿ ಸೇರಿಸುತ್ತ ಹೋದಂತೆ ಗ್ರಾಫಿನಲ್ಲಿ ಸರಳರೇಖೆ ಮೂಡುತ್ತದೆ. ಇಷ್ಟು ಸುಲಭವಾಗಿ ಸಿಗುವ ನಿಯಮಕ್ಕೆ, ವೋಲ್ಟಾ ತನ್ನ ರಾಶಿಕೋಶದ ಸುದ್ದಿಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ 1800ರಿಂದ ಇಪ್ಪತ್ತಾರು ವರ್ಷ ಏಕೆ ಕಾಯಬೇಕಾಯಿತು? ಪ್ರವಾಹವನ್ನು ಅಳೆಯುವ ಸಾಧನ ಇರಲಿಲ್ಲ ಎಂಬುದು ರೂಢಿಯ ಉತ್ತರ. 1820ರವರೆಗೆ ಅದು ನಿಜವೂ ಹೌದು. ಆ ವರ್ಷ ಕೋಪನ್‌ಹೇಗನ್‌ನಲ್ಲಿ ಅರ್‌ಸ್ಟೆಡ್, ತಂತಿಯಲ್ಲಿ ವಿದ್ಯುತ್ ಹರಿದಾಗ ಪಕ್ಕದ ಅಯಸ್ಕಾಂತ ಸೂಜಿ ತಿರುಗುವುದನ್ನು ಪ್ರಕಟಿಸಿದ. ತಂತಿಯನ್ನು ಸುರುಳಿ ಸುತ್ತಿ ಆ ಪರಿಣಾಮವನ್ನು ಹಿಗ್ಗಿಸುವ ಉಪಾಯವನ್ನು ಶ್ವೈಗರ್ ಅದೇ ವರ್ಷ ಕಂಡುಕೊಂಡ. ಅಲ್ಲಿಂದ ಮುಂದೆಯೂ ನಿಯಮ ಕೈಗೆ ಸಿಗಲಿಲ್ಲವೆಂದರೆ ತೊಡಕು ಬೇರೆಡೆ ಇತ್ತು. ಅಳತೆಗೋಲು ಬಂದಿತ್ತು, ಅಳೆಯಬೇಕಾದ ಪ್ರವಾಹವೇ ಒಂದು ಮಟ್ಟದಲ್ಲಿ ನಿಲ್ಲುತ್ತಿರಲಿಲ್ಲ. ಓಮ್ ನಿಯಮದ ಚರಿತ್ರೆ ಮುಖ್ಯವಾಗಿ ಏರಿಳಿಯದ ಮೂಲವೊಂದನ್ನು ಹುಡುಕಿಕೊಂಡ ಚರಿತ್ರೆ ಎಂಬುದು ಈ ಲೇಖನದ ವಾದ.

ಇದಕ್ಕೆ ಮೊದಲ ಸಾಕ್ಷಿ ಓಮ್‌ನದೇ ಸೋಲು. ಎರ್‌ಲಾಂಗನ್ನಿನ ಬೀಗ ಮಾಡುವವನೊಬ್ಬನ ಮಗ ಗಿಯೋರ್ಗ್ ಸೈಮನ್ ಓಮ್, 1817ರಿಂದ ಕಲೋನ್ ನಗರದ ಶಾಲೆಯೊಂದರಲ್ಲಿ ಗಣಿತ ಮತ್ತು ಭೌತವಿಜ್ಞಾನ ಕಲಿಸುತ್ತಿದ್ದ. ಬೇರೆ ಬೇರೆ ಉದ್ದದ ತಂತಿಗಳನ್ನು ಮಂಡಲಕ್ಕೆ ಸೇರಿಸಿದಾಗ ವಿದ್ಯುತ್ತಿನ ಬಲ ಎಷ್ಟು ಕುಗ್ಗುತ್ತದೆ ಎಂದು ಅಳೆದು, 1825ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದ. ಅದು ಲಾಗರಿದಮ್ಮಿನ ಸೂತ್ರ, ಮತ್ತು ತಪ್ಪು ಸೂತ್ರ. ಅವನಿಗೆ ಗಣಿತದಲ್ಲಾಗಲಿ ಅಳತೆಯ ತಾಳ್ಮೆಯಲ್ಲಾಗಲಿ ಕೊರತೆ ಇರಲಿಲ್ಲ. ಅವನು ಬಳಸಿದ್ದು ಸತು, ತಾಮ್ರ, ಆಮ್ಲದ ದ್ರಾವಣಗಳ ಕೋಶವನ್ನು. ಅಂಥ ಕೋಶದಲ್ಲಿ ಪ್ರವಾಹ ಹರಿಯತೊಡಗಿದೊಡನೆ ತಾಮ್ರದ ಫಲಕದ ಮೇಲೆ ಹೈಡ್ರೋಜನ್ ಗುಳ್ಳೆಗಳು ಕೂಡಿಕೊಂಡು ಬಲ ಇಳಿಯುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಏರುತ್ತದೆ. ಸೂಜಿಯ ತಿರುವು ತಂತಿಯ ಉದ್ದದಿಂದ ಕಡಿಮೆಯಾಯಿತೋ ಕೋಶದ ದಣಿವಿನಿಂದ ಕಡಿಮೆಯಾಯಿತೋ ಬೇರ್ಪಡಿಸಿ ಹೇಳುವಂತಿರಲಿಲ್ಲ.

ದಾರಿ ತೋರಿದವನು ಪತ್ರಿಕೆಯೊಂದರ ಸಂಪಾದಕ. ‘ಅನಾಲೆನ್ ಡೆರ್ ಫಿಸಿಕ್’ನ ಪೋಗೆನ್‌ಡಾರ್ಫ್, ದ್ರಾವಣದ ಕೋಶವನ್ನು ಬಿಟ್ಟು ಸೀಬೆಕ್ 1821ರಲ್ಲಿ ಕಂಡಿದ್ದ ಉಷ್ಣವಿದ್ಯುತ್ತನ್ನು ಬಳಸಿ ನೋಡು ಎಂದು ಸೂಚಿಸಿದ. ಎರಡು ಲೋಹಗಳು ಕೂಡುವ ಒಂದು ತುದಿ ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ಪ್ರವಾಹ ಹುಟ್ಟುತ್ತದೆ; ಇಂಥ ಜೋಡಣೆಯೇ ಉಷ್ಣಯುಗ್ಮ. ತಾಪದ ಅಂತರ ಬದಲಾಗದಿದ್ದರೆ ಬಲವೂ ಬದಲಾಗದು. ಓಮ್ ಬಿಸ್ಮತ್ ಸರಳಿನ ಎರಡು ತುದಿಗೂ ತಾಮ್ರದ ಪಟ್ಟಿಗಳನ್ನು ತಿರುಪಿನಿಂದ ಬಿಗಿದ. ಒಂದು ತುದಿ ಕುದಿಯುವ ನೀರಿಗೆ, ಇನ್ನೊಂದು ಕರಗುವ ಮಂಜುಗಡ್ಡೆಗೆ. ಪಟ್ಟಿಗಳ ಹೊರತುದಿಗಳು ಪಾದರಸದ ಬಟ್ಟಲುಗಳಲ್ಲಿ ಮುಳುಗಿದ್ದವು; ಪರೀಕ್ಷಿಸಬೇಕಾದ ತಂತಿಯ ಎರಡು ತುದಿಗಳನ್ನೂ ಅವುಗಳಲ್ಲಿ ಅದ್ದಿದರೆ ಮಂಡಲ ಪೂರ್ಣ. ಮೇಲುಗಡೆ ಚಪ್ಪಟೆ ಚಿನ್ನದ ಎಳೆಯಿಂದ ನೇತಾಡುವ ಅಯಸ್ಕಾಂತ ಸೂಜಿ. ಪ್ರವಾಹ ಸೂಜಿಯನ್ನು ತಿರುಗಿಸಿದಾಗ ಎಳೆಯನ್ನು ಮೇಲಿನಿಂದ ತಿರುಚಿ ಅದನ್ನು ಮೊದಲಿನ ಜಾಗಕ್ಕೆ ತರುವುದು. ಎಷ್ಟು ತಿರುಚಬೇಕಾಯಿತೋ ಅದೇ ಪ್ರವಾಹದ ಅಳತೆ.

1826ರ ಜನವರಿಯಲ್ಲಿ ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ಅವನು ಹೀಗೆ ಪರೀಕ್ಷಿಸಿದ. ಉದ್ದ 2, 4, 6, 10, 18, 34, 66, 130 ಅಂಗುಲ. ಮೊದಲ ತಂತಿಗೆ ಬಂದ ಅಳತೆ ಸುಮಾರು 327, ಎರಡನೆಯದಕ್ಕೆ 301. ಉದ್ದ ಇಮ್ಮಡಿಯಾದರೂ ಪ್ರವಾಹ ಅರ್ಧಕ್ಕೆ ಇಳಿಯಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಮಾತು. ಪ್ರತಿ ಉದ್ದಕ್ಕೂ 20.25 ಕೂಡಿಸಿ ನೋಡಿದರೆ ಲೆಕ್ಕ ಸರಿಹೋಗುತ್ತದೆ: 22.25 ಮತ್ತು 24.25ರ ವಿಲೋಮ ಅನುಪಾತದಲ್ಲಿಯೇ 327, 301 ಇವೆ. ಓಮ್‌ನ ಸ್ಥಿರಾಂಕ 7285ನ್ನು 150.25ರಿಂದ ಭಾಗಿಸಿದರೆ 48.5; 130 ಅಂಗುಲದ ತಂತಿಗೆ ಅವನು ಕಂಡ ಅಳತೆಯೂ 48.5. ಓಮ್ ಬರೆದ ಸೂತ್ರ, ಪ್ರವಾಹ ಎಂದರೆ a ಭಾಗಿಸು (b + x). ಇಲ್ಲಿ x ತಂತಿಯ ಉದ್ದ, b (ಮೇಲಿನ 20.25) ಮಂಡಲದ ಉಳಿದ ಭಾಗದ ರೋಧ, a (ಮೇಲಿನ 7285) ಮೂಲದ ಬಲ. ಆಮೇಲೆ ಕುದಿಯುವ ನೀರನ್ನು ತೆಗೆದು, ಆ ತುದಿಯನ್ನು ಚಳಿಗಾಲದ ಕೋಣೆಯ ತಾಪದಲ್ಲೇ ಬಿಟ್ಟು ಅಳೆದಾಗ a ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯಿತು, b ಇದ್ದ ಹಾಗೇ ಉಳಿಯಿತು. ಬಲ ಒಂದು, ರೋಧ ಇನ್ನೊಂದು ಎಂಬ ವಿವೇಕ ಮೂಡಿದ್ದು ಈ ಅಳತೆಯಿಂದ. ಈ ಸೂತ್ರ ಇಡೀ ಮಂಡಲದ ನಿಯಮವಾಗಿಯೇ ಹುಟ್ಟಿತು. ಹೈಸ್ಕೂಲಿನಲ್ಲಿ ನಾವು ವೋಲ್ಟ್‌ಮೀಟರನ್ನು ತಂತಿಯ ತುದಿಗಳಿಗಷ್ಟೇ ಜೋಡಿಸುವುದರಿಂದ b ಕಣ್ಣಿಗೆ ಬೀಳುವುದಿಲ್ಲ; ಪಿಯುಸಿಯಲ್ಲಿ ‘ಆಂತರಿಕ ರೋಧ’ ಎಂದು ಅದು ಬಂದಾಗ ಹೊಸ ಪಾಠವೆಂಬಂತೆ ಕಾಣುತ್ತದೆ. ಪಾಠದ ಈ ಕ್ರಮದಿಂದ ಮಕ್ಕಳಿಗೆ ನಷ್ಟವಾಗುತ್ತಿದೆ ಎಂದೇ ನನ್ನ ಅಭಿಪ್ರಾಯ.

ಓಮ್‌ಗೆ ನಿಯಮ ಹೊಳೆದದ್ದು ಪ್ರಯೋಗದಿಂದಲ್ಲ, 1822ರಲ್ಲಿ ಫೂರಿಯೆ ಪ್ರಕಟಿಸಿದ ಉಷ್ಣಸಂವಹನದ ಗಣಿತದಿಂದ ಎಂದು ಆಕ್ಷೇಪಿಸಬಹುದು. 1827ರಲ್ಲಿ ಬರ್ಲಿನ್ನಿನಿಂದ ಹೊರಬಂದ ಅವನ ಪುಸ್ತಕವನ್ನು ಮಾತ್ರ ಓದಿದರೆ ಹಾಗನ್ನಿಸುವುದು ಸಹಜ. ಅಲ್ಲಿ ನಿಯಮ ಗಣಿತದಿಂದಲೇ ಇಳಿದುಬರುತ್ತದೆ. ಆದರೆ ತಂತಿಗಳ ಅಳತೆ ಅದಕ್ಕೂ ಹಿಂದಿನದು. ಫೂರಿಯೆಯ ಪುಸ್ತಕ ಬಂದು ಮೂರು ವರ್ಷವಾದ ಮೇಲೂ ಓಮ್ ತಪ್ಪು ಸೂತ್ರವನ್ನೇ ಅಚ್ಚುಮಾಡಿಸಿದ್ದ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಲೈಪ್‌ಜಿಗ್‌ನ ಫೆಕ್ನರ್ 1831ರಲ್ಲಿ ದ್ರಾವಣದ ಕೋಶಗಳಿಂದಲೇ ಈ ನಿಯಮವನ್ನು ದೃಢಪಡಿಸಿದ, ಹಾಗಿದ್ದರೆ ಉಷ್ಣಯುಗ್ಮ ಅನಿವಾರ್ಯವೇನಲ್ಲವಲ್ಲ? ಸೂತ್ರದ ರೂಪ ಮೊದಲೇ ಗೊತ್ತಿದ್ದವನಿಗೆ ಏರಿಳಿತವನ್ನು ಗುರುತಿಸಿ ಲೆಕ್ಕದಿಂದ ಕಳೆಯಲು ಬರುತ್ತದೆ. ರೂಪವೇ ಗೊತ್ತಿಲ್ಲದವನಿಗೆ ಏರಿಳಿತವೂ ನಿಯಮದ ಅಂಗವೆಂದೇ ತೋರುತ್ತದೆ. 1825ರ ಲಾಗರಿದಮ್ ಅದಕ್ಕೆ ನಿದರ್ಶನ.

ಕೊನೆಯದು ಕ್ಯಾವೆಂಡಿಶ್‌ನ ಪ್ರಶ್ನೆ. ವೋಲ್ಟಾನ ಕೋಶವಿನ್ನೂ ಹುಟ್ಟದ 1781ರಲ್ಲೇ ಅವನು ಗಾಜಿನ ನಳಿಕೆಗಳಲ್ಲಿ ಉಪ್ಪುನೀರು ತುಂಬಿ, ಅವುಗಳ ಮೂಲಕ ಲೈಡನ್ ಜಾಡಿಗಳಲ್ಲಿ ಕೂಡಿಟ್ಟ ವಿದ್ಯುತ್ತನ್ನು ತನ್ನ ಮೈಗೇ ಹರಿಸಿಕೊಂಡು, ಎರಡು ಆಘಾತಗಳು ಸಮನಾಗುವವರೆಗೆ ನೀರಿನ ಉದ್ದವನ್ನು ಹೊಂದಿಸಿ, ಓಮ್ ನಿಯಮದ ತೀರ್ಮಾನಕ್ಕೇ ಬಂದಿದ್ದ. ಅದನ್ನು ಅವನು ಪ್ರಕಟಿಸಲಿಲ್ಲ. ಮ್ಯಾಕ್ಸ್‌ವೆಲ್ ಆ ಟಿಪ್ಪಣಿಗಳನ್ನು 1879ರಲ್ಲಿ ಅಚ್ಚಿಗೆ ತರುವ ಹೊತ್ತಿಗೆ ಓಮ್ ತೀರಿಕೊಂಡು ಇಪ್ಪತ್ತೈದು ವರ್ಷವಾಗಿತ್ತು. ಮೊದಲಿಗನ ಗೌರವ ಯಾರದೆಂಬ ವಿಚಾರದಲ್ಲಿ ಈ ಸಂಗತಿಗೆ ಬೆಲೆಯಿದೆ, ಆದರೆ ಇಲ್ಲಿನ ವಾದಕ್ಕೆ ಅದು ವಿರುದ್ಧ ಸಾಕ್ಷಿಯಲ್ಲ. ಕ್ಯಾವೆಂಡಿಶ್ ಸಮಾನ ಜಾಡಿಗಳನ್ನು ಒಟ್ಟಿಗೆ ತುಂಬಿ, ಒಂದೊಂದನ್ನೂ ಸರದಿಯಲ್ಲಿ ಖಾಲಿಮಾಡುತ್ತಿದ್ದ. ಪ್ರತಿ ಸಲವೂ ಅಷ್ಟೇ ಬಲ ಕೊಡುವ ಮೂಲ ಅವನ ಕೈಯಲ್ಲಿತ್ತು.